ಒಪ್ಪಿಗೆ ದಿಲ್ಲಿಯದು, ಹೊಲ ಜಿಲ್ಲೆಯದು: ಕುಲಾಂತರಿ ಬೆಳೆ ಮತ್ತು ನಮ್ಮ ಸರ್ಕಾರದ ಮೆಟ್ಟಿಲುಗಳು

ಒಂದು ಬಿಟಿ ಹತ್ತಿ ಬೀಜದ ಪೊಟ್ಟಣದಿಂದ ಶುರು ಮಾಡೋಣ. ಬಿಟಿ ಹತ್ತಿ ಎಂದರೆ ಕಾಯಿಕೊರಕ ಹುಳುವಿಗೆ ವಿಷವಾಗುವ ಪ್ರೋಟೀನು ತಯಾರಿಸುವಂತೆ ಒಂದು ಬ್ಯಾಕ್ಟೀರಿಯಾದ ವಂಶವಾಹಿ ಸೇರಿಸಿದ ಹತ್ತಿ. ರಾಣೆಬೆನ್ನೂರಿನಲ್ಲೋ ರಾಯಚೂರಿನಲ್ಲೋ ಯಾವ ಬೀಜದಂಗಡಿಗೆ ಹೋದರೂ ಸಿಗುವಂಥದ್ದು. ತೂಕ 475 ಗ್ರಾಂ. 2024ರ ಹಂಗಾಮಿಗೆ ಬೋಲ್‌ಗಾರ್ಡ್-2 ಎಂಬ ಬಿಟಿ ಹತ್ತಿಯ ಪೊಟ್ಟಣದ ಗರಿಷ್ಠ ಬೆಲೆ 864 ರೂಪಾಯಿ. ಒಳಗಿರುವ ವಂಶವಾಹಿಗೆ ಅನುಮತಿ ಕೊಟ್ಟದ್ದು ಕೇಂದ್ರ ಪರಿಸರ ಸಚಿವಾಲಯದ ಸಮಿತಿ. ಬೆಲೆ ಗೊತ್ತುಮಾಡುವುದು ಕೇಂದ್ರ ಕೃಷಿ ಸಚಿವಾಲಯ. ಮಾರುವ ಅಂಗಡಿಗೆ ಪರವಾನಗಿ ಕೊಡುವುದು ರಾಜ್ಯದ ಕೃಷಿ ಇಲಾಖೆ. ಮೊಳಕೆ ಬರಲಿಲ್ಲ, ಕಾಯಿ ಕಟ್ಟಲಿಲ್ಲ ಎಂದರೆ ರೈತ ಹೋಗಿ ನಿಲ್ಲುವುದು ಹೋಬಳಿಯ ರೈತ ಸಂಪರ್ಕ ಕೇಂದ್ರದ ಮುಂದೆ. ಅಲ್ಲಿ ಕುಳಿತಿರುವ ಕೃಷಿ ಅಧಿಕಾರಿಗೆ ಆ ವಂಶವಾಹಿಯ ವಿಷಯದಲ್ಲಿ ಯಾವ ಅಧಿಕಾರವೂ ಇಲ್ಲ.

ಈ ಉಪನ್ಯಾಸದ ವಿಷಯ ಅದೇ. ಹೀಗೆ ಹೊರಗಿನ ವಂಶವಾಹಿ ಸೇರಿಸಿದ ಕುಲಾಂತರಿ ಬೆಳೆ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಗೆ ಇಲ್ಲಿ ಕೈಹಾಕುವುದಿಲ್ಲ. ಅದಕ್ಕೆ ಬೇರೆ ವೇದಿಕೆಗಳು ಬೇಕಾದಷ್ಟಿವೆ. ನಮ್ಮ ದೇಶದಲ್ಲಿ 'ಆಗಲಿ' ಎನ್ನುವ ಅಧಿಕಾರ ಒಂದು ಮೆಟ್ಟಿಲಲ್ಲಿದೆ, 'ಬೇಡ' ಎನ್ನುವ ಅಧಿಕಾರ ಹಿಂಬಾಗಿಲಿಂದ ಇನ್ನೊಂದು ಮೆಟ್ಟಿಲಿಗೆ ಬಂದು ಕೂತಿದೆ, ಹೊಲದಲ್ಲಿ ಏನಾಗುತ್ತಿದೆ ಎಂದು ನೋಡುವ ಕೆಲಸ ಮೂರನೆಯ ಮೆಟ್ಟಿಲಿನ ಕಡತದಲ್ಲಿ ಮಲಗಿದೆ. ಇದು ಹೇಗಾಯಿತು, ಇದರಿಂದ ಏನೇನು ಕೆಡುತ್ತದೆ ಎಂಬುದಷ್ಟನ್ನೇ ನೋಡೋಣ.

ಸಂವಿಧಾನದ ಏಳನೇ ಅನುಸೂಚಿ ತೆರೆದರೆ ಕೃಷಿ ರಾಜ್ಯಪಟ್ಟಿಯಲ್ಲಿದೆ, 14ನೇ ನಮೂದು. ಕೃಷಿ ಶಿಕ್ಷಣ, ಸಂಶೋಧನೆ, ಪೀಡೆಗಳಿಂದ ರಕ್ಷಣೆ, ಸಸ್ಯರೋಗ ತಡೆ ಎಲ್ಲ ಅದರೊಳಗೇ. ಸಾರ್ವಜನಿಕ ಆರೋಗ್ಯವೂ ರಾಜ್ಯದ್ದೇ. ಕಾಯಿಕೊರಕ ತಡೆಯುವ ಹತ್ತಿ ಇದರೊಳಗೆ ಬರಬೇಕಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಬರಲಿಲ್ಲ. 1972ರ ಸ್ಟಾಕ್‌ಹೋಮ್ ಸಮ್ಮೇಳನದ ನಿರ್ಣಯಗಳನ್ನು ಜಾರಿಗೆ ತರುವುದಕ್ಕೆಂದು 253ನೇ ವಿಧಿಯ ಬಲದಲ್ಲಿ ಸಂಸತ್ತು 1986ರಲ್ಲಿ ಪರಿಸರ (ಸಂರಕ್ಷಣೆ) ಕಾಯಿದೆ ಮಾಡಿತು. ಅಂತರರಾಷ್ಟ್ರೀಯ ಒಪ್ಪಂದ, ಸಮ್ಮೇಳನಗಳ ನಿರ್ಣಯ ಜಾರಿ ಮಾಡುವಾಗ ರಾಜ್ಯಪಟ್ಟಿಯ ವಿಷಯಕ್ಕೂ ಸಂಸತ್ತು ಕೈಹಾಕಬಹುದು ಎನ್ನುತ್ತದೆ ಆ ವಿಧಿ. ಆ ಕಾಯಿದೆಯ ಕೆಳಗೆ 1989ರ ಡಿಸೆಂಬರ್ 5ರಂದು ಒಂದು ನಿಯಮಾವಳಿ ಬಂತು. ಇವತ್ತಿಗೂ ಕುಲಾಂತರಿ ಬೆಳೆಗೆ ಸಂಬಂಧಿಸಿದ ಸಕಲವೂ ನಡೆಯುವುದು ಅದರ ಮೇಲೆಯೇ.

ಆ ನಿಯಮಾವಳಿಯ ಹೆಸರನ್ನು ಒಮ್ಮೆ ಪೂರ್ತಿ ಓದಬೇಕು: ಅಪಾಯಕಾರಿ ಸೂಕ್ಷ್ಮಜೀವಿಗಳು, ವಂಶವಾಹಿ ಮಾರ್ಪಡಿಸಿದ ಜೀವಿಗಳು ಅಥವಾ ಜೀವಕೋಶಗಳ ತಯಾರಿಕೆ, ಬಳಕೆ, ಆಮದು, ರಫ್ತು ಮತ್ತು ದಾಸ್ತಾನು ನಿಯಮಗಳು. ತಯಾರಿಕೆ, ದಾಸ್ತಾನು. ಇದು ಕಾರ್ಖಾನೆಯ ಭಾಷೆ. ಭೋಪಾಲದ ಅನಿಲ ದುರಂತ ನಡೆದು ಐದು ವರ್ಷವಾಗಿತ್ತು. ಬರೆದವರ ಕಣ್ಣಮುಂದೆ ಇದ್ದದ್ದು ಉಕ್ಕಿನ ತೊಟ್ಟಿಯಲ್ಲಿ ಬೆಳೆಸುವ ಬ್ಯಾಕ್ಟೀರಿಯಾ, ಅದು ಸೋರಿದರೆ ಏನು ಗತಿ ಎಂಬ ಚಿಂತೆ. ಹತ್ತು ಲಕ್ಷ ರೈತರು ಮಳೆ ಬಿದ್ದ ಮರುದಿನ ಬಿತ್ತುವ ಬೀಜದ ಚಿತ್ರ ಅಲ್ಲಿಲ್ಲ.

ಈ ನಿಯಮಾವಳಿ ಆರು ಸಮಿತಿಗಳನ್ನು ಮಾಡಿತು. ಸಲಹಾ ಸಮಿತಿಯನ್ನು ಬದಿಗಿಟ್ಟರೆ ಉಳಿಯುವುದು ಐದು. ಸಂಶೋಧನೆ ನಡೆಸುವ ಪ್ರತಿ ಸಂಸ್ಥೆಯಲ್ಲೂ ಒಂದು ಸಾಂಸ್ಥಿಕ ಜೈವಿಕ ಸುರಕ್ಷತಾ ಸಮಿತಿ. ಅದರ ಮೇಲೆ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯಲ್ಲಿರುವ ಆರ್‌ಸಿಜಿಎಂ (ವಂಶವಾಹಿ ಮಾರ್ಪಾಟು ಪರಿಶೀಲನಾ ಸಮಿತಿ), ಪ್ರಯೋಗಗಳ ಪರಿಶೀಲನೆ ಇದರದ್ದು. ಪರಿಸರ ಸಚಿವಾಲಯದಲ್ಲಿ ಜಿಇಎಸಿ (ಆಗಿನ ಹೆಸರು ವಂಶವಾಹಿ ಎಂಜಿನಿಯರಿಂಗ್ ಅನುಮೋದನಾ ಸಮಿತಿ), ಪರಿಸರಕ್ಕೆ ಬಿಡುಗಡೆ ಮಾಡಲು ಒಪ್ಪಿಗೆ ಇದರದ್ದು. ರಾಜ್ಯದಲ್ಲಿ ಮುಖ್ಯ ಕಾರ್ಯದರ್ಶಿ ಅಧ್ಯಕ್ಷರಾಗಿರುವ ರಾಜ್ಯ ಜೈವಿಕ ತಂತ್ರಜ್ಞಾನ ಸಮನ್ವಯ ಸಮಿತಿ. ಜಿಲ್ಲೆಯಲ್ಲಿ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ಮಟ್ಟದ ಸಮಿತಿ.

ಜಿಲ್ಲಾ ಸಮಿತಿಯ ಸದಸ್ಯರ ಪಟ್ಟಿ ನೋಡಿದರೆ ಮೇಲಿನ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಕಾರ್ಖಾನೆ ಪರಿವೀಕ್ಷಕರು, ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರತಿನಿಧಿ, ಜಿಲ್ಲಾ ಆರೋಗ್ಯಾಧಿಕಾರಿ, ಸೂಕ್ಷ್ಮಜೀವಿ ತಜ್ಞರು, ನಗರಪಾಲಿಕೆ ಆಯುಕ್ತರು, ಇವರ ನಡುವೆ ಒಬ್ಬ ಜಿಲ್ಲಾ ಕೃಷಿ ಅಧಿಕಾರಿ. ಮಾಡಬೇಕಾದ ಕೆಲಸ: ಇಂಥ ಜೀವಿಗಳನ್ನು ಬಳಸುವ ಘಟಕಗಳಲ್ಲಿ ಸುರಕ್ಷತಾ ನಿಯಮ ಪಾಲನೆಯಾಗುತ್ತಿದೆಯೇ ನೋಡುವುದು, ಅವಘಡ ನಡೆದರೆ ಏನು ಮಾಡಬೇಕೆಂಬ ತುರ್ತು ಯೋಜನೆ ಇಟ್ಟುಕೊಳ್ಳುವುದು, ಮೇಲಕ್ಕೆ ವರದಿ ಕಳಿಸುವುದು. ಇಷ್ಟು ಇಲಾಖೆಗಳನ್ನು ಒಟ್ಟು ಕೂರಿಸಬಲ್ಲವರು ಜಿಲ್ಲಾಧಿಕಾರಿ ಒಬ್ಬರೇ. ಅವರ ಮೇಜಿನ ಮೇಲೆ ಇಂಥ ಸಮಿತಿಗಳು ಹತ್ತಾರಿರುತ್ತವೆ. ದೂರು ಬಾರದ ಸಮಿತಿ ಸೇರುವುದಿಲ್ಲ. ಸೇರದ ಸಮಿತಿಗೆ ದೂರು ಕೊಡಬಹುದೆಂಬುದು ಯಾರಿಗೂ ತಿಳಿಯುವುದಿಲ್ಲ.

ಇಡೀ ನಿಯಮಾವಳಿಯಲ್ಲಿ ರಾಜ್ಯವನ್ನು ಮೊದಲೇ ಕೇಳಬೇಕು ಎನ್ನುವ ಒಂದು ಸಾಲೂ ಇಲ್ಲ. ರಾಜ್ಯ ಸಮಿತಿಗೆ ತಪಾಸಣೆ ಮಾಡುವ, ಕ್ರಮ ಕೈಗೊಳ್ಳುವ ಅಧಿಕಾರವಿದೆ. ಅದೂ ಆದಮೇಲಿನ ಮಾತು. ಮನೆ ಕಟ್ಟುವಾಗ ಕೇಳದೆ, ಬೆಂಕಿ ಬಿದ್ದಾಗ ನೀರು ತಾ ಎಂದ ಹಾಗೆ.

ಇದು ಮೊದಲು ಬಯಲಿಗೆ ಬಿದ್ದದ್ದು ನಮ್ಮಲ್ಲೇ. 1998ರಲ್ಲಿ 9 ರಾಜ್ಯಗಳ 40 ಸ್ಥಳಗಳಲ್ಲಿ ಬಿಟಿ ಹತ್ತಿಯ ಬಯಲು ಪ್ರಯೋಗಕ್ಕೆ ಜೈವಿಕ ತಂತ್ರಜ್ಞಾನ ಇಲಾಖೆಯ ಕಡೆಯಿಂದ ಅನುಮತಿ ಹೋಯಿತು. ಅವುಗಳಲ್ಲಿ ಕೆಲವು ಕರ್ನಾಟಕದಲ್ಲಿದ್ದವು. ಆ ನವೆಂಬರ್ ಕೊನೆಯಲ್ಲಿ ಪ್ರೊ. ಎಂ.ಡಿ. ನಂಜುಂಡಸ್ವಾಮಿ ನೇತೃತ್ವದ ರಾಜ್ಯ ರೈತ ಸಂಘ ರಾಯಚೂರು ಜಿಲ್ಲೆಯ ಸಿಂಧನೂರಿನ ಕಡೆ ಪ್ರಯೋಗದ ಹೊಲದ ಬೆಳೆ ಕಿತ್ತು ಸುಟ್ಟಿತು. ಸುಟ್ಟದ್ದು ಸುದ್ದಿಯಾಯಿತು. ಅದರ ಹಿಂದಿನ ಕಾನೂನಿನ ಪ್ರಶ್ನೆ ಅಷ್ಟು ಸುದ್ದಿಯಾಗಲಿಲ್ಲ. ಬಯಲು ಹೊಲದಲ್ಲಿ ಬಿತ್ತುವುದು ಸಂಶೋಧನೆಯೋ ಪರಿಸರಕ್ಕೆ ಬಿಡುಗಡೆಯೋ? ಸಂಶೋಧನೆಯಾದರೆ ಆರ್‌ಸಿಜಿಎಂ ಸಾಕು. ಬಿಡುಗಡೆಯಾದರೆ ಜಿಇಎಸಿ ಬೇಕು. ಈ ಪ್ರಶ್ನೆ ಹೊತ್ತು 1999ರಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಹೋಯಿತು. ರಾಜ್ಯ ಎಲ್ಲಿ ಬರುತ್ತದೆ ಎಂದು ಕೇಳುವ ಹೊತ್ತಿಗೆ ದಿಲ್ಲಿಯ ಎರಡು ಕಚೇರಿಗಳ ನಡುವೆಯೇ ಗಡಿ ಗೊತ್ತಿರಲಿಲ್ಲ ಎಂಬುದು ಗೊತ್ತಾಯಿತು.

ಎರಡನೆಯ ಪಾಠ ಗುಜರಾತಿನದು. 2001ರಲ್ಲಿ ಅಲ್ಲಿ ಕಾಯಿಕೊರಕದ ಹಾವಳಿ ಜೋರಾಗಿತ್ತು. ಸುತ್ತಲ ಹೊಲಗಳು ಹಾಳಾಗಿದ್ದರೂ ನವಭಾರತ್ 151 ಎಂಬ ಹೈಬ್ರಿಡ್ ಬಿತ್ತಿದ ಹೊಲಗಳು ಹಸಿರಾಗಿ ನಿಂತಿದ್ದವು. ಪರೀಕ್ಷಿಸಿದಾಗ ಅದರಲ್ಲಿ ಬಿಟಿ ವಂಶವಾಹಿ ಸಿಕ್ಕಿತು. ಆ ಹೊತ್ತಿಗೆ ದೇಶದಲ್ಲಿ ಒಂದೇ ಒಂದು ಬಿಟಿ ಹತ್ತಿಗೂ ಒಪ್ಪಿಗೆ ಸಿಕ್ಕಿರಲಿಲ್ಲ. ಬೆಳೆ ಕಿತ್ತು ಸುಡಿ, ಮಾರುಕಟ್ಟೆಗೆ ಹೋದ ಹತ್ತಿಯನ್ನೂ ಹಿಂದಕ್ಕೆ ಪಡೆದು ನಾಶಮಾಡಿ ಎಂದು ಜಿಇಎಸಿ ಆದೇಶ ಹೊರಡಿಸಿತು. ಆದೇಶದ ಕಾಗದ ದಿಲ್ಲಿಯದು. ಕೀಳುವ ಆಳು, ಕಾವಲಿಗೆ ಪೊಲೀಸು, ರೈತನಿಗೆ ಪರಿಹಾರ, ಮುಂದಿನ ಚುನಾವಣೆಯ ಮತ ಎಲ್ಲವೂ ರಾಜ್ಯದ್ದು. ಸಾವಿರಾರು ಎಕರೆ ಬೆಳೆ. ಚೆನ್ನಾಗಿ ಬಂದ ಬೆಳೆಯನ್ನು ಸುಡಲು ಯಾವ ರೈತ ಒಪ್ಪುತ್ತಾನೆ? ರಾಜ್ಯ ಕಾಲ ತಳ್ಳಿತು, ಹತ್ತಿ ಬಿಡಿಸಿ ಮಾರಿದ್ದಾಯಿತು. ಮರುವರ್ಷ, 2002ರ ಮಾರ್ಚ್ 26ರಂದು, ಜಿಇಎಸಿ ಮೂರು ಬಿಟಿ ಹೈಬ್ರಿಡ್‌ಗಳಿಗೆ ಅಧಿಕೃತ ಒಪ್ಪಿಗೆ ಕೊಟ್ಟಿತು. ಅವನ್ನು ಬೆಳೆಯಬಹುದಾದ ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕವೂ ಇತ್ತು. ಬಿತ್ತಿದ ಮೇಲೆ ಒಪ್ಪಿಗೆ ಎಂಬ ಕ್ರಮಕ್ಕೆ ದಾರಿ ಹಾಕಿಕೊಟ್ಟದ್ದು ಆ ಎರಡು ಹಂಗಾಮು.

2002ರ ಒಪ್ಪಿಗೆಯ ಜೊತೆ ಒಂದು ಷರತ್ತಿತ್ತು. ಬಿಟಿ ಹತ್ತಿಯ ಸುತ್ತ ಐದು ಸಾಲು ಅಥವಾ ಒಟ್ಟು ಹೊಲದ ಶೇ 20, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು, ಬಿಟಿ ಅಲ್ಲದ ಹತ್ತಿ ಬೆಳೆಯಬೇಕು. ಇದಕ್ಕೆ ಆಶ್ರಯ ಬೆಳೆ ಎನ್ನುತ್ತಾರೆ. ವಿಷಕ್ಕೆ ಒಗ್ಗದ ಹುಳುಗಳು ಅಲ್ಲಿ ಬದುಕಿ, ಬಿಟಿ ಹೊಲದಲ್ಲಿ ತಪ್ಪಿಸಿಕೊಂಡ ಒಗ್ಗಿದ ಹುಳುಗಳ ಜೊತೆ ಕೂಡಿದರೆ ಹುಳುಗಳು ವಿಷಕ್ಕೆ ಒಗ್ಗಿಹೋಗುವುದು ನಿಧಾನವಾಗುತ್ತದೆ ಎಂಬುದು ಲೆಕ್ಕ. ಅದಕ್ಕೆಂದೇ 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂ ಸಾದಾ ಬೀಜದ ಪುಟ್ಟ ಪೊಟ್ಟಣ ಇಡುತ್ತಿದ್ದರು. ಎರಡು ಎಕರೆಯವನಿಗೆ ಹೊಲದ ಐದನೇ ಒಂದು ಭಾಗವನ್ನು ಹುಳುವಿಗೆ ಬಿಡು ಎಂದರೆ ಬಿಟ್ಟಾನೆಯೇ? ಚಿಕ್ಕ ಪೊಟ್ಟಣ ಬದುವಿಗೆ ಬಿತ್ತು, ಇಲ್ಲವೇ ಮೊಳಕೆ ತಪ್ಪಿದ ಕಡೆ ತುಂಬಲು ಹೋಯಿತು. ಹೊಲಹೊಲಕ್ಕೂ ಹೋಗಿ ಸಾಲು ಎಣಿಸುವುದು ಯಾರ ಕೆಲಸ? ಷರತ್ತು ಹಾಕಿದವರಿಗೆ ಹಳ್ಳಿಯಲ್ಲಿ ಒಬ್ಬ ನೌಕರನೂ ಇರಲಿಲ್ಲ. ಹಳ್ಳಿಯಲ್ಲಿ ನೌಕರರಿದ್ದ ಇಲಾಖೆಗೆ ಆ ಷರತ್ತಿನ ಪ್ರತಿಯೂ ಸರಿಯಾಗಿ ತಲುಪಿರಲಿಲ್ಲ. 2010ರಲ್ಲಿ ಗುಜರಾತಿನ ನಾಲ್ಕು ಜಿಲ್ಲೆಗಳಲ್ಲಿ ಗುಲಾಬಿ ಕಾಯಿಕೊರಕ ಮೊದಲ ತಲೆಮಾರಿನ ಬಿಟಿಗೆ ಒಗ್ಗಿಹೋದದ್ದು ಖಚಿತವಾಯಿತು. ಮುಂದೆ ಎರಡು ವಂಶವಾಹಿಯ ಬೋಲ್‌ಗಾರ್ಡ್-2ಕ್ಕೂ ಅದೇ ಗತಿ. ಆಶ್ರಯ ಬೆಳೆ ಇಲ್ಲದ್ದು ಒಂದೇ ಕಾರಣವಲ್ಲ. ದೀರ್ಘಾವಧಿ ಹೈಬ್ರಿಡ್‌ಗಳು, ಜನವರಿ ದಾಟಿದರೂ ಹೊಲದಲ್ಲಿ ಉಳಿಯುವ ಹತ್ತಿಗಿಡ ಎಲ್ಲವೂ ಸೇರಿವೆ. ಈಗ ಸಾದಾ ಬೀಜವನ್ನು ಶೇ 5ರಿಂದ 10ರಷ್ಟು ಪೊಟ್ಟಣದೊಳಗೇ ಬೆರೆಸಿ ಕೊಡುತ್ತಾರೆ. 475 ಗ್ರಾಂ ಆದದ್ದು ಹಾಗೆ. ಜಾರಿ ಮಾಡಲಾಗದ ಷರತ್ತನ್ನು ಚೀಲದೊಳಗೇ ತುಂಬಿಬಿಟ್ಟರು. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ಬುದ್ಧಿವಂತಿಕೆಯ ಕೆಲಸ ಎಂದರೆ ಇದೊಂದೇ, ಅದೂ ಹದಿನೈದು ವರ್ಷ ತಡವಾಗಿ.

ರಾಜ್ಯಗಳು ಸುಮ್ಮನಿರಲಿಲ್ಲ. ವಂಶವಾಹಿ ಕೈಗೆ ಸಿಗದಾಗ ಬೆಲೆ ಹಿಡಿದುಕೊಂಡವು. 2006ರಲ್ಲಿ ಆಂಧ್ರ ಪ್ರದೇಶ ಏಕಸ್ವಾಮ್ಯ ನಿಯಂತ್ರಣ ಆಯೋಗದ ಮುಂದೆ ಹೋಗಿ, ಒಂದೂವರೆ ಸಾವಿರ ದಾಟಿದ್ದ ಪೊಟ್ಟಣದ ಬೆಲೆಯನ್ನು 750 ರೂಪಾಯಿಗೆ ಇಳಿಸಿತು. ಆಮೇಲೆ ಆಂಧ್ರ, ಗುಜರಾತ್, ಮಹಾರಾಷ್ಟ್ರ ತಮ್ಮದೇ ಹತ್ತಿಬೀಜ ಕಾಯಿದೆ ಮಾಡಿಕೊಂಡವು. 2015ರ ಡಿಸೆಂಬರಿನಲ್ಲಿ ಕೇಂದ್ರವೇ ಬೆಲೆ ನಿಯಂತ್ರಣ ಆದೇಶ ತಂದು ಆ ಹಗ್ಗವನ್ನೂ ತನ್ನ ಕೈಗೆ ತೆಗೆದುಕೊಂಡಿತು. 2016ರಲ್ಲಿ ಪೊಟ್ಟಣಕ್ಕೆ 800, ಅದರಲ್ಲಿ ವಂಶವಾಹಿಯ ಒಡೆತನವಿರುವ ಕಂಪನಿಗೆ ಸಲ್ಲುವ ಶುಲ್ಕ 49 ರೂಪಾಯಿ ಎಂದು ಗೊತ್ತುಮಾಡಿತು. 2020ಕ್ಕೆ ಆ ಶುಲ್ಕ ಸೊನ್ನೆಯಾಯಿತು.

ಇನ್ನು ಬಿಟಿ ಬದನೆ. ಕುಡಿ ಮತ್ತು ಕಾಯಿಕೊರಕ ತಡೆಯುವ ಈ ಬದನೆಗೆ ಜಿಇಎಸಿ 2009ರ ಅಕ್ಟೋಬರ್ 14ರಂದು ಒಪ್ಪಿಗೆ ಕೊಟ್ಟಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಇದೇ ವಂಶವಾಹಿಯನ್ನು ಮಲಾಪುರ ಲೋಕಲ್, ಕುಡಚಿ ಲೋಕಲ್, ರಬಕವಿ ಲೋಕಲ್, ಮಂಜರಿ ಗೋಟಾ, ಉಡುಪಿ ಗುಳ್ಳದಂಥ ತಳಿಗಳಿಗೆ ಸೇರಿಸುವ ಕೆಲಸ ಮಾಡಿತ್ತು. ಮಟ್ಟುವಿನ ಗುಳ್ಳ ಎಂದರೆ ಉಡುಪಿಯವರಿಗೆ ಬರೀ ತರಕಾರಿಯಲ್ಲ, ಮಠದ ಅಡುಗೆಮನೆಯ ಹಕ್ಕಿನ ಮಾತು. ಹಾಗಾಗಿ ಕರಾವಳಿಯಲ್ಲಿ ವಿರೋಧ ಎದ್ದದ್ದು ವಿಜ್ಞಾನದ ವರದಿ ಓದಿ ಅಲ್ಲ. ಇಲ್ಲಿ ಇನ್ನೊಂದು ಕಾಯಿದೆಯೂ ತಲೆಹಾಕಿತು. 2002ರ ಜೀವವೈವಿಧ್ಯ ಕಾಯಿದೆ ಚೆನ್ನೈಯಲ್ಲಿ ರಾಷ್ಟ್ರೀಯ ಪ್ರಾಧಿಕಾರ, ರಾಜ್ಯದಲ್ಲಿ ಮಂಡಳಿ, ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿ ಎಂಬ ಮೂರು ಮೆಟ್ಟಿಲು ಕಟ್ಟಿದೆ. ಸ್ಥಳೀಯ ಸಂಪನ್ಮೂಲದ ಬಳಕೆ ಬಗ್ಗೆ ತೀರ್ಮಾನ ಮಾಡುವಾಗ ಕೆಳಗಿನ ಸಮಿತಿಯೊಂದಿಗೆ ಸಮಾಲೋಚಿಸಲೇಬೇಕು ಎನ್ನುತ್ತದೆ ಅದರ 41ನೇ ಕಲಂ. ನೋಡಿ, ಪರಿಸರ ಕಾಯಿದೆಯಲ್ಲಿ ಹಳ್ಳಿಗೆ ದನಿಯೇ ಇಲ್ಲ, ಜೀವವೈವಿಧ್ಯ ಕಾಯಿದೆಯಲ್ಲಿ ಹಳ್ಳಿಯಿಂದಲೇ ಆರಂಭ. ಗಿಡ ಒಂದೇ, ಕಾಯಿದೆ ಎರಡು.

ಆಗಿನ ಪರಿಸರ ಸಚಿವ ಜೈರಾಮ್ ರಮೇಶ್ ಏಳು ಊರುಗಳಲ್ಲಿ ಸಾರ್ವಜನಿಕ ಸಮಾಲೋಚನೆ ನಡೆಸಿದರು. ಕೊನೆಯದು ಬೆಂಗಳೂರಿನಲ್ಲಿ. ಕರ್ನಾಟಕ, ಆಂಧ್ರ, ಕೇರಳ, ಬಿಹಾರ, ಪಶ್ಚಿಮ ಬಂಗಾಳ, ಒಡಿಶಾ, ಛತ್ತೀಸಗಢ ಹೀಗೆ ಬದನೆ ಬೆಳೆಯುವ ರಾಜ್ಯಗಳ ಸರ್ಕಾರಗಳು ಬೇಡವೆಂದೋ ಅವಸರ ಬೇಡವೆಂದೋ ಬರೆದವು. 2010ರ ಫೆಬ್ರವರಿ 9ರಂದು ತಡೆ ಬಿತ್ತು. ಆ ಪತ್ರಗಳಿಗೆ 1989ರ ನಿಯಮಾವಳಿಯಲ್ಲಿ ಯಾವ ಸ್ಥಾನವೂ ಇಲ್ಲ. ಸಚಿವರ ತೀರ್ಮಾನಕ್ಕೂ ಅಲ್ಲಿ ಜಾಗವಿರಲಿಲ್ಲ. ಒಪ್ಪಿಗೆ ಕೊಡುವುದು ಸಮಿತಿ ಎಂದೇ ಇತ್ತು. ಅದೇ ವರ್ಷ ಸಮಿತಿಯ ಹೆಸರಿನಲ್ಲಿದ್ದ 'ಅನುಮೋದನಾ' ಎಂಬ ಪದ ತೆಗೆದು 'ಮೌಲ್ಯಮಾಪನ' ಎಂದು ಮಾಡಿದರು. ಇಂಗ್ಲಿಷಿನಲ್ಲಿ ಎರಡೂ ಒಂದೇ ಅಕ್ಷರದಿಂದ ಶುರುವಾಗುವುದರಿಂದ ಜಿಇಎಸಿ ಎಂಬ ಚುಟುಕು ಹೆಸರು ಹಾಗೇ ಉಳಿಯಿತು, ಲೆಟರ್‌ಹೆಡ್ಡಿಗೂ ಹೆಚ್ಚು ಕೆಲಸ ಬೀಳಲಿಲ್ಲ. ತಡೆ ಬಿದ್ದ ಅದೇ ಬದನೆಯನ್ನು ಬಾಂಗ್ಲಾದೇಶ 2013ರಲ್ಲಿ ಒಪ್ಪಿ, 2014ರ ಜನವರಿಯಲ್ಲಿ 20 ರೈತರಿಗೆ ಸಸಿ ಕೊಟ್ಟಿತು. ಗಡಿಯಾಚೆ ಒಂದೇ ಸರ್ಕಾರ, ಒಂದೇ ಸಹಿ.

ರಾಜ್ಯಕ್ಕೆ 'ಬೇಡ' ಎನ್ನುವ ಹಕ್ಕು ಬಂದದ್ದು 2011ರಲ್ಲಿ. ಬಿಹಾರದಲ್ಲಿ ಕುಲಾಂತರಿ ಮೆಕ್ಕೆಜೋಳದ ಪ್ರಯೋಗಕ್ಕೆ ತಮ್ಮನ್ನು ಕೇಳಿಲ್ಲವೆಂದು ಅಲ್ಲಿನ ಮುಖ್ಯಮಂತ್ರಿ ತಕರಾರು ತೆಗೆದರು. ಆಮೇಲೆ ಜಿಇಎಸಿ, ಬಯಲು ಪ್ರಯೋಗ ಮಾಡುವವರು ಆಯಾ ರಾಜ್ಯದ ನಿರಾಕ್ಷೇಪಣಾ ಪತ್ರ ತರಬೇಕು ಎಂದು ತೀರ್ಮಾನಿಸಿತು. ಕಾಯಿದೆ ತಿದ್ದಲಿಲ್ಲ, ನಿಯಮಾವಳಿ ತಿದ್ದಲಿಲ್ಲ. ಸಭೆಯ ನಡಾವಳಿಯಲ್ಲಿ ಒಂದು ತೀರ್ಮಾನ, ಅಷ್ಟೇ.

ಆ ಪತ್ರ ಏಕೆ ಅಷ್ಟು ಮುಖ್ಯ ಎಂಬುದು ಪ್ರಯೋಗದ ಹೊಲವನ್ನು ಹತ್ತಿರದಿಂದ ನೋಡಿದರೆ ತಿಳಿಯುತ್ತದೆ. ಮೊದಲ ಹಂತದ ಪ್ರಯೋಗ ಒಂದು ಸ್ಥಳದಲ್ಲಿ 1 ಎಕರೆ ಮೀರಬಾರದು, ಒಂದು ಹಂಗಾಮಿನಲ್ಲಿ ಎಲ್ಲ ಸ್ಥಳ ಸೇರಿ 20 ಎಕರೆ. ಎರಡನೇ ಹಂತದಲ್ಲಿ ಸ್ಥಳಕ್ಕೆ 2.5 ಎಕರೆ. ಬೀಜ ಬಂದ ಚೀಲದಿಂದ ಹಿಡಿದು ಕೊಯ್ಲಿನ ನಂತರ ಸುಟ್ಟ ಕಡ್ಡಿಯವರೆಗೆ ಪ್ರತಿಯೊಂದಕ್ಕೂ ದಾಖಲೆ ಬೇಕು. 2007ರಲ್ಲಿ ಸುಪ್ರೀಂ ಕೋರ್ಟ್ ಇನ್ನೂ ಮೂರು ಷರತ್ತು ಸೇರಿಸಿತು: ಸುತ್ತ 200 ಮೀಟರ್ ಅಂತರ, ಶೇ 0.01ರಷ್ಟು ಬೆರಕೆಯನ್ನೂ ಹಿಡಿಯಬಲ್ಲ ಪರೀಕ್ಷಾ ವಿಧಾನ, ಹೊಣೆ ಹೊರುವ ಒಬ್ಬ ವಿಜ್ಞಾನಿಯ ಹೆಸರು. ಈ 200 ಮೀಟರನ್ನು ನೆಲದ ಮೇಲೆ ಎಳೆದು ನೋಡಿ. ಒಂದು ಎಕರೆ ಎಂದರೆ ಹೆಚ್ಚುಕಡಿಮೆ 64 ಮೀಟರ್ ಚೌಕ. ಅದರ ಸುತ್ತ 200 ಮೀಟರ್ ಬಿಟ್ಟರೆ ಒಟ್ಟು ಸುಮಾರು 45 ಎಕರೆ. ಅಷ್ಟರಲ್ಲಿ ಅದೇ ಬೆಳೆ ಇರಬಾರದು. ಕರ್ನಾಟಕದಲ್ಲಿ ಸರಾಸರಿ ಹಿಡುವಳಿ ಮೂರೂವರೆ ಎಕರೆಗಿಂತ ಕಡಿಮೆ. ಅಂದರೆ ಒಬ್ಬನ ಹೊಲದ ಪ್ರಯೋಗಕ್ಕೆ ಹನ್ನೆರಡು ಹದಿಮೂರು ಜನ ತಮ್ಮ ಬೆಳೆ ಬದಲಿಸಬೇಕು. ಅವರನ್ನು ಕೇಳಬೇಕೆಂದು ನಿಯಮಾವಳಿಯಲ್ಲಿ ಇಲ್ಲ. ಆದ್ದರಿಂದಲೇ ಪ್ರಯೋಗಗಳು ಈಗ ವಿಶ್ವವಿದ್ಯಾಲಯಗಳ ವಿಸ್ತಾರವಾದ ಕ್ಷೇತ್ರಗಳಿಗೆ ಸರಿದಿವೆ, ಆ ವಿಶ್ವವಿದ್ಯಾಲಯಗಳು ರಾಜ್ಯ ಸರ್ಕಾರದವು.

ಈಗಿನ ಪದ್ಧತಿಯಲ್ಲಿ ತೊಂದರೆ ಎಲ್ಲಿದೆ ಎಂದರೆ, ರಾಜ್ಯ ಎಷ್ಟು ದಿನದೊಳಗೆ ಉತ್ತರ ಕೊಡಬೇಕೆಂದಿಲ್ಲ. ಬೇಡವೆಂದರೆ ಕಾರಣ ಹೇಳಬೇಕೆಂದಿಲ್ಲ. ಅರ್ಜಿ ಕೃಷಿ ಇಲಾಖೆಗೋ, ಪರಿಸರ ಇಲಾಖೆಗೋ, ಮುಖ್ಯ ಕಾರ್ಯದರ್ಶಿಗೋ ಎಂಬುದೂ ಎಲ್ಲ ಕಡೆ ಒಂದೇ ರೀತಿ ಇಲ್ಲ. ಹತ್ತಿ ಬಿತ್ತುವ ಕಾಲ ಜೂನ್. ಕಡತ ಆಗಸ್ಟಿನಲ್ಲಿ ಕೆಳಗಿಳಿದರೆ ಒಂದು ಇಡೀ ವರ್ಷ ಹೋಯಿತು. 'ಇಲ್ಲ' ಎನ್ನದೆಯೇ 'ಇಲ್ಲ' ಎನ್ನುವ ಕಲೆ ಇದು. ಗುಲಾಬಿ ಕಾಯಿಕೊರಕ ತಡೆಯುತ್ತದೆಂದು ಹೇಳಲಾದ ಕ್ರೈ2ಎಐ ಎಂಬ ವಂಶವಾಹಿಯ ಹತ್ತಿಗೆ 2022ರಲ್ಲಿ ಜಿಇಎಸಿ ನಾಲ್ಕು ರಾಜ್ಯಗಳಲ್ಲಿ ಪ್ರಯೋಗ ಶಿಫಾರಸು ಮಾಡಿತು. ಗುಜರಾತ್, ಮಹಾರಾಷ್ಟ್ರ, ತೆಲಂಗಾಣ ಒಪ್ಪಲಿಲ್ಲ ಅಥವಾ ಮುಂದೂಡಿದವು. ಉಳಿದದ್ದು ಹರಿಯಾಣ. ಮಧ್ಯ ಮತ್ತು ದಕ್ಷಿಣ ಭಾರತದ ಮಳೆಯಾಶ್ರಿತ ಕಪ್ಪು ಮಣ್ಣಿನಲ್ಲಿ ಹೇಗೆ ಬರುತ್ತದೆಂದು ಹರಿಯಾಣದ ನೀರಾವರಿ ಹೊಲ ನೋಡಿ ಹೇಳಲಾಗುವುದಿಲ್ಲ. ರಾಜಕೀಯದ ನಕ್ಷೆ ವಿಜ್ಞಾನದ ನಕ್ಷೆಯನ್ನು ಕತ್ತರಿಸಿತು.

ಐರೋಪ್ಯ ಒಕ್ಕೂಟದಲ್ಲೂ ಇದೇ ಗಂಟು ಇತ್ತು, ಬಿಚ್ಚಿದ ಬಗೆ ಬೇರೆ. ಅಲ್ಲಿ ಸುರಕ್ಷತೆಯ ಪರಿಶೀಲನೆ ಒಕ್ಕೂಟದ ಆಹಾರ ಸುರಕ್ಷತಾ ಪ್ರಾಧಿಕಾರದ್ದು. ಆಮೇಲೆ ಸದಸ್ಯ ದೇಶಗಳ ಮತ. ಗೆಲ್ಲಲು ಶೇ 55ರಷ್ಟು ದೇಶಗಳು, ಶೇ 65ರಷ್ಟು ಜನಸಂಖ್ಯೆ ಬೇಕು. ವರ್ಷಾನುಗಟ್ಟಲೆ ಪರವಾಗಿಯೂ ಅಷ್ಟು ಬರಲಿಲ್ಲ, ವಿರುದ್ಧವಾಗಿಯೂ ಬರಲಿಲ್ಲ. ಕೊನೆಗೆ ಆಯೋಗವೇ ತನ್ನ ಹೊಣೆಯಲ್ಲಿ ಒಪ್ಪಿಗೆ ಕೊಡುವುದು, ದೇಶಗಳು ಬೈಯುವುದು. ಇದು ಸಾಕಾಗಿ 2015ರಲ್ಲಿ ಕಾನೂನನ್ನೇ ತಿದ್ದಿದರು. ಒಪ್ಪಿಗೆಗೆ ಮೊದಲು ನಮ್ಮ ನೆಲ ಬಿಟ್ಟುಬಿಡಿ ಎಂದು ಅರ್ಜಿದಾರರಿಗೆ ಹೇಳಬಹುದು. ಅವರು ಒಪ್ಪದಿದ್ದರೆ, ಒಪ್ಪಿಗೆಯ ನಂತರ ತಾವೇ ನಿಷೇಧ ಹೇರಬಹುದು. ಆದರೆ ಕಾರಣ ಕೊಡಬೇಕು: ಭೂಬಳಕೆ, ಊರು ಯೋಜನೆ, ಸಾಮಾಜಿಕ-ಆರ್ಥಿಕ ಪರಿಣಾಮ, ಕೃಷಿ ನೀತಿ ಮುಂತಾದ ಕಾರಣಗಳ ಪಟ್ಟಿ ಕಾನೂನಿನಲ್ಲೇ ಇದೆ. ಪ್ರಾಧಿಕಾರ ಆಗಲೇ ಮುಗಿಸಿದ ಸುರಕ್ಷತೆಯ ತಕರಾರನ್ನು ಮತ್ತೆ ಎತ್ತುವಂತಿಲ್ಲ. 17 ದೇಶಗಳು ಪೂರ್ತಿಯಾಗಿ ಹೊರಬಂದವು. ಜೊತೆಗೆ ನಾಲ್ಕು ಪ್ರಾಂತ್ಯಗಳು: ಆಗ ಒಕ್ಕೂಟದಲ್ಲಿದ್ದ ಬ್ರಿಟನ್ನಿನ ಸ್ಕಾಟ್ಲೆಂಡ್, ವೇಲ್ಸ್, ಉತ್ತರ ಐರ್ಲೆಂಡ್, ಮತ್ತು ಬೆಲ್ಜಿಯಂನ ವಲೋನಿಯಾ. ಇದು ಬೆಳೆಯುವುದಕ್ಕೆ ಮಾತ್ರ. ಆಮದಾದ ಕುಲಾಂತರಿ ಸೋಯಾ ದನದ ಮೇವಾಗಿ ಈ ದೇಶಗಳಿಗೂ ಹರಿಯುತ್ತಲೇ ಇದೆ. ಅದೇನೂ ಆದರ್ಶವಲ್ಲ. ಆದರೂ ಅಲ್ಲಿ ಬೇಡ ಎನ್ನುವವನು ಕಾರಣ ಬರೆದು ಸಹಿ ಹಾಕಬೇಕು. ನಮ್ಮಲ್ಲಿ ಕಡತ ಕೆಳಗಿಳಿಸದಿದ್ದರೆ ಸಾಕು.

ಮತ್ತೆ ಬೀಜದಂಗಡಿಗೆ ಬರೋಣ. ಕಳೆನಾಶಕ ಸಹಿಸುವ ಹತ್ತಿಗೆ ದೇಶದಲ್ಲಿ ಒಪ್ಪಿಗೆ ಇಲ್ಲ. ಅರ್ಜಿ ಹಾಕಿದ್ದ ಕಂಪನಿ 2016ರಲ್ಲಿ ಅದನ್ನು ಹಿಂದಕ್ಕೆ ಪಡೆಯಿತು. ಆದರೂ ಬೀಜ ಹೊಲದಲ್ಲಿದೆ. 2019ರ ಜೂನ್‌ನಲ್ಲಿ ಮಹಾರಾಷ್ಟ್ರದ ಅಕೋಲಾ ಜಿಲ್ಲೆಯಲ್ಲಿ ರೈತರು ಎಲ್ಲರೆದುರು ಬಿತ್ತಿ ತೋರಿಸಿದರು. ಈಗ ಒಬ್ಬ ಬೀಜ ಪರಿವೀಕ್ಷಕರಿಗೆ ಅಂಥ ಬೀಜದ ಸುಳಿವು ಸಿಕ್ಕಿತು ಎನ್ನಿ. ಏನು ಮಾಡಬೇಕು?

ಪರೀಕ್ಷೆ ಸುಲಭ. ಬೀಜದ ಸಿಪ್ಪೆ ತೆಗೆದು ಪುಡಿಮಾಡಿ, ಇಲ್ಲವೇ ಎಲೆಯ ಸಣ್ಣ ತುಣುಕನ್ನು ಪ್ಲಾಸ್ಟಿಕ್ ನಳಿಗೆಯಲ್ಲಿ ಅರೆದು, ಕಿಟ್ ಜೊತೆ ಬಂದ ದ್ರಾವಣ ಹಾಕಿ, ಕಾಗದದ ಪಟ್ಟಿಯನ್ನು ಅದ್ದಿ ನಿಲ್ಲಿಸಬೇಕು. ಐದು ಹತ್ತು ನಿಮಿಷದಲ್ಲಿ ಗೆರೆ ಮೂಡುತ್ತದೆ. ಮೇಲಿನ ಗೆರೆ ಪಟ್ಟಿ ಸರಿಯಾಗಿದೆ ಎನ್ನಲು, ಕೆಳಗಿನದು ಹುಡುಕುವ ಪ್ರೋಟೀನು ಇದೆ ಎನ್ನಲು. ಮೇಲಿನ ಗೆರೆಯೇ ಬರದಿದ್ದರೆ 'ಇಲ್ಲ' ಎಂದು ಅರ್ಥವಲ್ಲ, ಪರೀಕ್ಷೆಯೇ ಕೆಟ್ಟಿದೆ ಎಂದು. ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಪಟ್ಟಿ ತೇವ ಹೀರಿ ಹೀಗಾಗುತ್ತದೆ. ಎಲೆ ಹೆಚ್ಚು ಹಾಕಿದರೂ ರಸ ಗಟ್ಟಿಯಾಗಿ ಮೇಲೇರುವುದಿಲ್ಲ. ಬಿಟಿ ಪ್ರೋಟೀನಿಗೆ ಒಂದು ಪಟ್ಟಿ, ಕಳೆನಾಶಕ ಸಹಿಸುವ ಪ್ರೋಟೀನಿಗೆ ಬೇರೆ ಪಟ್ಟಿ. ಬೆರಕೆ ಪೊಟ್ಟಣದಲ್ಲಿ ಹತ್ತರಲ್ಲಿ ಒಂದು ಬೀಜದವರೆಗೆ ಬಿಟಿ ಇಲ್ಲದಿರುವುದು ಕ್ರಮಬದ್ಧವೇ. ಆದ್ದರಿಂದ ಒಂದು ಬೀಜ ನೋಡಿ ಕಳಪೆ ಎನ್ನುವಂತಿಲ್ಲ, ಬಿಡಿಬಿಡಿಯಾಗಿ ಹಲವು ಬೀಜ ಪರೀಕ್ಷಿಸಬೇಕು. ಕಳೆನಾಶಕದ ಪಟ್ಟಿಯಲ್ಲಿ ಮಾತ್ರ ಒಂದೇ ಒಂದು ಬೀಜ ಗೆರೆ ಮೂಡಿಸಿದರೂ ಅದು ಅಕ್ರಮ.

ಕಷ್ಟ ಶುರುವಾಗುವುದು ಪಟ್ಟಿ ಒಣಗಿದ ಮೇಲೆ. ಪರಿವೀಕ್ಷಕರಿಗೆ ಅಧಿಕಾರ ಬಂದಿರುವುದು 1966ರ ಬೀಜ ಕಾಯಿದೆಯಿಂದ. ಅದರಂತೆ ಮಾದರಿಯನ್ನು ಮೂರು ಭಾಗ ಮಾಡಿ ಮೊಹರು ಹಾಕಿ, ಒಂದನ್ನು ಅಂಗಡಿಯವರಿಗೆ, ಒಂದನ್ನು ಬೀಜ ವಿಶ್ಲೇಷಕರಿಗೆ, ಒಂದನ್ನು ಮೊಕದ್ದಮೆಗೆಂದು ಇಟ್ಟುಕೊಳ್ಳುತ್ತಾರೆ. ಆದರೆ ಆ ಕಾಯಿದೆ ಕೇಳುವುದು ಮೊಳಕೆ, ಶುದ್ಧತೆ ಮತ್ತು ಚೀಟಿಯ ಸತ್ಯ. ಒಪ್ಪಿಗೆಯಿಲ್ಲದ ವಂಶವಾಹಿ ಪರಿಸರ ಕಾಯಿದೆಯ ಅಪರಾಧ. ಅದರ 11ನೇ ಕಲಮಿನ ಪ್ರಕಾರ ಮಾದರಿ ತೆಗೆಯಲು ಆ ಕಾಯಿದೆಯಡಿ ಅಧಿಕಾರ ಪಡೆದವರೇ ಬೇಕು. ಕ್ರಮ ತಪ್ಪಿದರೆ ಪ್ರಯೋಗಾಲಯದ ವರದಿ ಸಾಕ್ಷ್ಯವಾಗುವುದಿಲ್ಲ. 1986ರ ಮೂಲ ರೂಪದಲ್ಲಿ 19ನೇ ಕಲಂ, ಕೇಂದ್ರ ಸರ್ಕಾರ ಅಥವಾ ಅದು ಅಧಿಕಾರ ಕೊಟ್ಟವರು ದೂರು ಕೊಟ್ಟರೆ, ಇಲ್ಲವೇ ಯಾರಾದರೂ 60 ದಿನಗಳ ನೋಟಿಸ್ ಕೊಟ್ಟು ಬಂದರೆ ಮಾತ್ರ ನ್ಯಾಯಾಲಯ ವಿಚಾರಣೆಗೆ ತೆಗೆದುಕೊಳ್ಳಬಹುದು ಎಂದಿತ್ತು. 60 ದಿನದಲ್ಲಿ ಹತ್ತಿ ಹೂಬಿಡುತ್ತದೆ.

ಇನ್ನೂ ಸ್ವಾರಸ್ಯದ್ದು ಅದೇ ಮೂಲ ಕಾಯಿದೆಯ 24ನೇ ಕಲಂ. ಒಂದೇ ಕೃತ್ಯ ಪರಿಸರ ಕಾಯಿದೆಯಲ್ಲೂ ಬೇರೆ ಕಾಯಿದೆಯಲ್ಲೂ ಅಪರಾಧವಾದರೆ ಶಿಕ್ಷೆ ಬೇರೆ ಕಾಯಿದೆಯ ಪ್ರಕಾರ. ಪರಿಸರ ಕಾಯಿದೆಯಲ್ಲಿ ಐದು ವರ್ಷ ಸೆರೆ, 1 ಲಕ್ಷ ದಂಡದವರೆಗೆ ಇತ್ತು. ಬೀಜ ಕಾಯಿದೆಯಲ್ಲಿ ಮೊದಲ ಅಪರಾಧಕ್ಕೆ 500 ರೂಪಾಯಿ ದಂಡದವರೆಗೆ. ಐನೂರು, ಒಂದು ಪೊಟ್ಟಣದ ಬೆಲೆಯೂ ಅಲ್ಲ. ಹಾಗಾಗಿ ಅನುಭವಸ್ಥ ಅಧಿಕಾರಿಗಳು ಅಗತ್ಯ ವಸ್ತುಗಳ ಕಾಯಿದೆ, ವಂಚನೆಯ ಕಲಂ ಹಿಡಿದು ಮೊಕದ್ದಮೆ ಹೂಡುತ್ತಾರೆ: ಪರವಾನಗಿ ಇಲ್ಲದೆ ಮಾರಾಟ, ಬಿಲ್ ಇಲ್ಲ, ಸುಳ್ಳು ಚೀಟಿ. ಪಂಚನಾಮೆ ಗಟ್ಟಿಯಾಗುತ್ತದೆ, ವಂಶವಾಹಿ ಮಾತ್ರ ಮೊಕದ್ದಮೆಯಿಂದ ಉದುರಿಹೋಗುತ್ತದೆ. 2024ರ ಏಪ್ರಿಲ್ 1ರಿಂದ ಜನ ವಿಶ್ವಾಸ್ ತಿದ್ದುಪಡಿಯಿಂದಾಗಿ ಪರಿಸರ ಕಾಯಿದೆಯ 15ನೇ ಕಲಮಿನಲ್ಲಿ ಸೆರೆವಾಸ ಹೋಗಿ 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡ ಬಂದಿದೆ.

ಸಾಸಿವೆಯ ವಿಷಯದಲ್ಲಿ ಇದೇ ಕಥೆ ಮರುಕಳಿಸುವ ಲಕ್ಷಣವಿದೆ. ದಿಲ್ಲಿ ವಿಶ್ವವಿದ್ಯಾಲಯದಲ್ಲಿ ತಯಾರಾದ ಡಿಎಂಎಚ್-11 ಹೈಬ್ರಿಡ್‌ಗೆ 2022ರ ಅಕ್ಟೋಬರಿನಲ್ಲಿ ಷರತ್ತುಬದ್ಧ ಒಪ್ಪಿಗೆ ಸಿಕ್ಕಿತು. ಅದರಲ್ಲಿ ಕಳೆನಾಶಕ ಸಹಿಸುವ ವಂಶವಾಹಿಯೂ ಇದೆ. ಬೀಜೋತ್ಪಾದನೆಯಲ್ಲಿ ಅದು ಬೇಕು: ಹೆಣ್ಣು ಸಾಲಿನಲ್ಲಿ ಅರ್ಧದಷ್ಟು ಗಿಡಗಳು ಪರಾಗ ಬಿಡುವಂಥವು ಹುಟ್ಟುತ್ತವೆ, ಕಳೆನಾಶಕ ಸಿಂಪಡಿಸಿದರೆ ಅವಷ್ಟೇ ಸತ್ತು ಬೇಕಾದವು ಉಳಿಯುತ್ತವೆ. ಆದರೆ ಆ ಗುಣ ರೈತನಿಗೆ ಮಾರುವ ಬೀಜದಲ್ಲೂ ಉಳಿಯುತ್ತದೆ. ಷರತ್ತು ಏನೆಂದರೆ, ಬೀಜೋತ್ಪಾದನೆಯಲ್ಲಿ ಸಿಂಪಡಿಸಬಹುದು, ರೈತನ ಹೊಲದಲ್ಲಿ ಯಾವ ಕಾರಣಕ್ಕೂ ಕೂಡದು. ಆಳಿನ ಕೂಲಿ ಏರುತ್ತಿರುವಾಗ, ಬೆಳೆ ಸಾಯುವುದಿಲ್ಲ ಎಂದು ಗೊತ್ತಿರುವ ರೈತ ಪಕ್ಕದ ಅಂಗಡಿಯಲ್ಲಿ ಸಿಗುವ ಬಾಟಲಿಯನ್ನು ಮುಟ್ಟಬಾರದು. ನೋಡಿಕೊಳ್ಳುವವರು? ರಾಜ್ಯದ ಕೃಷಿ ಇಲಾಖೆ. ಐದು ಸಾಲು ಆಶ್ರಯ ಬೆಳೆಯನ್ನು ಎಣಿಸಲಾಗದೆ ಹೋದ ಅದೇ ಇಲಾಖೆ.

2024ರ ಜುಲೈ 23ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಈ ಒಪ್ಪಿಗೆಯ ಬಗ್ಗೆ ಭಿನ್ನ ತೀರ್ಪು ಕೊಟ್ಟರು. ನ್ಯಾ. ಬಿ.ವಿ. ನಾಗರತ್ನ ಅದನ್ನು ರದ್ದುಗೊಳಿಸಿದರು, ನ್ಯಾ. ಸಂಜಯ್ ಕರೋಲ್ ಎತ್ತಿಹಿಡಿದರು. ಇಬ್ಬರೂ ಒಪ್ಪಿದ ಒಂದು ಅಂಶವುಂಟು: ರಾಜ್ಯಗಳನ್ನೂ ರೈತರನ್ನೂ ತಜ್ಞರನ್ನೂ ಕೂರಿಸಿಕೊಂಡು ಕೇಂದ್ರ ಒಂದು ರಾಷ್ಟ್ರೀಯ ನೀತಿ ಮಾಡಬೇಕು, ಸಾಧ್ಯವಾದರೆ ನಾಲ್ಕು ತಿಂಗಳಲ್ಲಿ ಸಮಾಲೋಚನೆ ನಡೆಸಬೇಕು. ನನ್ನನ್ನು ಕೇಳಿದರೆ ಆ ನೀತಿಯಲ್ಲಿ ದೊಡ್ಡ ಮಾತು ಬೇಡ. ರಾಜ್ಯದ ಉತ್ತರಕ್ಕೆ ಗಡುವು, ಬೇಡವೆನ್ನಲು ಕಾರಣಗಳ ಪಟ್ಟಿ, ಷರತ್ತು ಹಾಕುವಾಗಲೇ ಅದನ್ನು ನೋಡಿಕೊಳ್ಳುವವರ ಹುದ್ದೆ ಮತ್ತು ಅದಕ್ಕೆ ತಗಲುವ ಹಣ, ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರಿಗೆ 11ನೇ ಕಲಮಿನ ಅಧಿಕಾರ. ಕೊನೆಯದಕ್ಕೆ ಒಂದು ಅಧಿಸೂಚನೆ ಸಾಕು, ಹೊಸ ಕಾಯಿದೆಯೂ ಬೇಡ.

ಇಷ್ಟರಲ್ಲೇ ನೆಲ ಮತ್ತೆ ಸರಿದಿದೆ. ಹೊರಗಿನ ವಂಶವಾಹಿ ಉಳಿಸದೆ, ಗಿಡದ ಸ್ವಂತ ವಂಶವಾಹಿಯಲ್ಲೇ ಸಣ್ಣ ಬದಲಾವಣೆ ಮಾಡುವ ಜೀನ್ ಎಡಿಟಿಂಗ್ ಬಂದಿದೆ. 2022ರ ಮಾರ್ಚ್ 30ರ ಜ್ಞಾಪನ ಪತ್ರದಿಂದ ಇದರ ಎರಡು ಬಗೆಗಳನ್ನು, ಎಸ್‌ಡಿಎನ್-1 ಮತ್ತು ಎಸ್‌ಡಿಎನ್-2, 1989ರ ನಿಯಮಾವಳಿಯ 7ರಿಂದ 11ರವರೆಗಿನ ನಿಯಮಗಳಿಂದ ಹೊರಗಿಡಲಾಯಿತು. 2025ರ ಮೇ ತಿಂಗಳಲ್ಲಿ ಇಂಥ ಎರಡು ಭತ್ತದ ತಳಿಗಳನ್ನು, ಡಿಆರ್‌ಆರ್ ಧಾನ್ 100 ಮತ್ತು ಪೂಸಾ ಡಿಎಸ್‌ಟಿ ರೈಸ್ 1, ಕೇಂದ್ರ ಕೃಷಿ ಸಚಿವರು ಪ್ರಕಟಿಸಿದರು. ಇವಕ್ಕೆ ಜಿಇಎಸಿ ಬೇಡ. ಹೊರಗಿನ ವಂಶವಾಹಿ ಉಳಿದಿಲ್ಲ ಎಂದು ಸಂಸ್ಥೆಯ ಒಳಗಿನ ಸುರಕ್ಷತಾ ಸಮಿತಿ ದಾಖಲೆ ನೋಡಿ ಹೇಳಿದರೆ ಆಯಿತು. ಮೇಲಿನ ಮೆಟ್ಟಿಲು ತಾನೇ ಪಕ್ಕಕ್ಕೆ ಸರಿದ ಮೇಲೆ ರಾಜ್ಯದ ನಿರಾಕ್ಷೇಪಣೆಯ ಪ್ರಶ್ನೆ ಏಳುವ ಜಾಗವೇ ಇಲ್ಲ.

ನಾಳೆ ಯಾರಾದರೂ ರೈತರು ಇಂಥ ಭತ್ತದ ಬೀಜ ತಂದು ರೈತ ಸಂಪರ್ಕ ಕೇಂದ್ರದ ಮೇಜಿನ ಮೇಲಿಟ್ಟು ಇದೇನೆಂದು ಕೇಳಿದರೆ, ಅಧಿಕಾರಿ ಪುಡಿಮಾಡಿ ಪಟ್ಟಿ ಅದ್ದಬಹುದು. ಮೇಲಿನ ಗೆರೆ ಮೂಡುತ್ತದೆ, ಪಟ್ಟಿ ಸರಿಯಾಗಿಯೇ ಇದೆ. ಕೆಳಗೆ ಮೂಡಬೇಕಾದ ಹೊಸ ಪ್ರೋಟೀನು ಆ ಬೀಜದಲ್ಲಿಲ್ಲ. ಚೀಟಿಯಲ್ಲಿ ಬರೆದಿದ್ದನ್ನು ಓದಿ ಹೇಳುವುದಷ್ಟೇ ಅವರಿಗೆ ಉಳಿಯುವ ದಾರಿ.